ಡಿಗ್ರಿ ಭಾವನ ನಲವತ್ತೂವರೆ

ನನ್ನ ಭಾವನನ್ನು ಆಫೀಸಿನಲ್ಲಿ ಎಲ್ಲರೂ ಡಿಗ್ರಿ ಎಂದೇ ಕರೆಯುತ್ತಿದ್ದರು. ಹಾಗಂತ ಅವನು ಕಾಲೇಜಿನ ಮೆಟ್ಟಿಲು ಹತ್ತಿದವನೇನಲ್ಲ. ಏಳನೇ ಕ್ಲಾಸಿಗೇ ಪುಸ್ತಕಕ್ಕೆ ದೊಡ್ಡ ನಮಸ್ಕಾರ ಹಾಕಿ ಬಂದವನು. ಪ್ರಾಣಿಗಳ ಮೈಬಿಸಿ ಅಳೆಯುತ್ತಿದ್ದ, ಅದಕ್ಕೆ ಆ ಹೆಸರು. ಅವನ ಕಥೆಯನ್ನು ಕಂಡವರ ಬಾಯಲ್ಲಿ ಕೇಳಿ ಕೇಳಿ ನನಗೆ ಸಾಕಾಗಿದೆ. ಒಬ್ಬರು ಅವನಿಗೆ ತಲೆ ಕೆಟ್ಟಿತು ಅನ್ನುತ್ತಾರೆ, ಇನ್ನೊಬ್ಬರು ಹೆದರುಪುಕ್ಕಲ ಅನ್ನುತ್ತಾರೆ. ಎರಡೂ ಸುಳ್ಳು. ಅವನು ತನ್ನ ಮಾತು ಹೇಳಿ ಆಯಿತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಈಗ ನಾನು ಹೇಳುತ್ತೇನೆ.

ದಾರಿ ತಪ್ಪಿ ಊರೊಳಗೆ ನುಗ್ಗಿದ ಕಾಡುಪ್ರಾಣಿಗಳನ್ನು ಹಿಡಿದು ವಾಪಸು ಬಿಡುವ ಆಫೀಸು ನಮ್ಮದು. ಬಂದೂಕಿನಿಂದ ಮತ್ತಿನ ಸೂಜಿ ಹೊಡೆಯುವವರು ಡಾಕ್ಟರು. ಹಗ್ಗ, ಬಲೆ, ಬೋನು ನೋಡಿಕೊಳ್ಳುವವನು ಡ್ರೈವರ್. ದೂರ ನಿಂತು ಗದರುವವರು ಸಾಹೇಬರು. ಭಾವನ ಕೆಲಸ ಒಂದೇ. ಪ್ರಾಣಿ ಎಚ್ಚರ ತಪ್ಪಿ ಬಿದ್ದ ಕೂಡಲೇ ಅದರ ಬಾಲದ ಕೆಳಗೆ ಥರ್ಮಾಮೀಟರಿನ ತಂತಿ ಸೇರಿಸಿ, ಎರಡು ನಿಮಿಷಕ್ಕೊಮ್ಮೆ ಅಂಕಿಯನ್ನು ಗಟ್ಟಿಯಾಗಿ ಕೂಗುವುದು. ಅವನು ಕೂಗಿದ್ದನ್ನು ಹಾಳೆಯಲ್ಲಿ ಬರೆಯುವವಳು ನಾನು. ಆ ಕೆಲಸ ಕೊಡಿಸಿದವನೂ ಅವನೇ. "ನನ್ನ ಹೆಂಡತಿ ತಂಗಿ ಸಾರ್, ಅಕ್ಷರ ಮುತ್ತಿನ ಹಾಗೆ. ಬಾಯಿ ಮಾತ್ರ ಸ್ವಲ್ಪ ಜೋರು" ಎಂದು ಸಾಹೇಬರಿಗೆ ಹೇಳಿ ನನ್ನನ್ನು ಸೇರಿಸಿದ್ದ.

ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ನಮ್ಮ ಸಂಸಾರ. ಒಂದರಲ್ಲಿ ಅಕ್ಕನ ಇಸ್ತ್ರಿ ಮೇಜು, ಮೂಟೆ ಮೂಟೆ ಹೋಟೆಲಿನ ಬಟ್ಟೆ. ಇನ್ನೊಂದರಲ್ಲಿ ನಾವು ನಾಲ್ಕು ಜನ. ಭಾವನಿಗೆ ಯಾರೇ ಎದುರು ಬರಲಿ, ಅಂಗೈ ಮಗುಚಿ ಅವರ ಹಣೆಯ ಮೇಲಿಡುವ ಚಾಳಿ. ಮಗಳು ಹೊಟ್ಟೆನೋವು ಅಂತ ಮುಲುಗಿದರೆ ಹಣೆ ಮುಟ್ಟಿ, "ಮೂವತ್ತೇಳು. ಹೊಟ್ಟೆಗೇನೂ ಆಗಿಲ್ಲ, ಲೆಕ್ಕದ ಪರೀಕ್ಷೆ ಬಂದಿದೆ ಅಷ್ಟೆ. ಎದ್ದು ನಡಿ ಸ್ಕೂಲಿಗೆ" ಅನ್ನುತ್ತಿದ್ದ. ಅಕ್ಕ ಇದನ್ನು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. "ಮದುವೆ ಆದ ಹೊಸದರಲ್ಲಿ ಪದೇ ಪದೇ ಕೈ ಹಿಡೀತಿದ್ರು. ಆಹಾ, ಎಷ್ಟು ಪ್ರೀತಿ ಅಂದ್ಕೊಂಡೆ. ನೋಡಿದ್ರೆ ಬಿಸಿ ನೋಡ್ತಿದ್ದರಂತೆ!"

ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿದರೆ ಅವನ ಪಾಠ ಶುರು. "ಹಲ್ಲಿಗೆ ಚಿಂತೆ ಇಲ್ಲ ನೋಡು. ಬಿಸಿಲಿಗೆ ಹೋದ್ರೆ ಬಿಸಿ, ನೆರಳಿಗೆ ಬಂದ್ರೆ ತಣ್ಣಗೆ. ಹಾಲು ಕುಡಿಸೋ ಪ್ರಾಣಿಗಳ ಪಾಡು ಬೇರೆ. ಹೊರಗೆ ಹಿಮ ಬೀಳಲಿ, ಬೆಂಕಿ ಬೀಳಲಿ, ಒಳಗೆ ಮೂವತ್ತೆಂಟು ಅಂದ್ರೆ ಮೂವತ್ತೆಂಟರ ಆಸುಪಾಸಲ್ಲೇ ಇರ್ಬೇಕು." ಮೊಲ ಕಿವಿಯ ನರಗಳಿಗೆ ರಕ್ತ ಕಳಿಸಿ ಬಿಸಿ ಬಿಡುತ್ತದೆ, ಚಿರತೆ ನಾಲಿಗೆ ಚಾಚಿ ತೇಕುತ್ತದೆ. ಕರಡಿಗೆ ಮೈತುಂಬ ಕಂಬಳಿ. ಅದು ಬಿಸಿ ಬಿಡುವುದು ಬಾಯಿಂದ, ಪಾದಗಳಿಂದ, ಕೂದಲು ತೆಳ್ಳಗಿರುವ ಹೊಟ್ಟೆಯಿಂದ. ಅದಕ್ಕೇ ಸೆಕೆಗೆ ಹೊಳೆಯಲ್ಲಿ ಹೊಟ್ಟೆ ಅದ್ದಿ ಮಲಗುತ್ತದೆ. ಚಳಿಗೆ ಕೂದಲು ನಿಗುರಿಸಿ ಗಾಳಿಯನ್ನು ಒಳಗೇ ಹಿಡಿದುಕೊಳ್ಳುತ್ತದೆ, ನಡುಗಿ ನಡುಗಿ ಮೈ ಕಾಯಿಸಿಕೊಳ್ಳುತ್ತದೆ. ಎಳೆಯ ಮರಿಗೆ ಮಾತ್ರ ಇದ್ಯಾವುದೂ ಪೂರ್ತಿ ಬರುವುದಿಲ್ಲ, ಅಮ್ಮನ ಮೈಯೇ ಅದಕ್ಕೆ ಒಲೆ. ಇಷ್ಟನ್ನೂ ಅವನು ಪುಸ್ತಕದಿಂದ ಕಲಿತದ್ದಲ್ಲ, ಹತ್ತೊಂಬತ್ತು ವರ್ಷ ಪ್ರಾಣಿಗಳ ಪಕ್ಕದಲ್ಲಿ ಮಂಡಿಯೂರಿ ಕಲಿತದ್ದು.

"ಎಚ್ಚರ ಇದ್ದಾಗ ಅದು ತನ್ನ ಬಿಸಿ ತಾನೇ ನೋಡ್ಕೊಳ್ಳುತ್ತೆ" ಎನ್ನುತ್ತಿದ್ದ. "ನಾವು ಸೂಜಿ ಚುಚ್ಚಿದ ಗಳಿಗೆಯಿಂದ ಅದಕ್ಕೆ ನೆರಳಿಗೆ ಹೋಗೋಕಾಗಲ್ಲ, ನೀರಿಗೆ ಇಳಿಯೋಕಾಗಲ್ಲ. ಓಡಿ ಓಡಿ ಕಾದಿದ್ದ ಮೈ ಒಳಗೊಳಗೇ ಬೇಯುತ್ತೆ. ಆಮೇಲೆ ಎದ್ದು ನಡೆಯುತ್ತೆ, ನಾವು ಚಪ್ಪಾಳೆ ತಟ್ಟಿ ಮನೆಗೆ ಬರ್ತೀವಿ. ಆದ್ರೆ ಬೆಂದ ಮಾಂಸ ಮತ್ತೆ ಹಸಿ ಆಗುತ್ತಾ? ಉಚ್ಚೆ ಹಾಲಿಲ್ಲದ ಟೀ ಬಣ್ಣಕ್ಕೆ ತಿರುಗಿದ್ರೆ ಮುಗೀತು. ನಾಲ್ಕು ದಿನಕ್ಕೋ ಆರು ದಿನಕ್ಕೋ ಸಾಯುತ್ತೆ. ಮೊದಲ ಎರಡು ದಿನದೊಳಗೆ ಮತ್ತೆ ಹಿಡಿದು ಸಲೈನ್ ಏರಿಸಿದ್ರೆ ಉಳಿಯಬಹುದು."

ಅದಕ್ಕೇ ನಮ್ಮಲ್ಲಿ ಒಂದು ಕಟ್ಟುನಿಟ್ಟು. ಅಂಕಿ ನಲವತ್ತೊಂದು ಮುಟ್ಟಿತೋ, ಭಾವ "ಸಾಕು" ಅನ್ನಬೇಕು. ಅವನು ಸಾಕು ಅಂದಮೇಲೆ ಯಾವ ಕೊಂಬಿನವನೇ ಇರಲಿ, ಕೈ ಎತ್ತಬೇಕು. ಕೈಯಲ್ಲಿರುವ ಕೆಲಸ ಅರ್ಧಕ್ಕೇ ಬಿಟ್ಟು ನೀರು ಸುರಿದು, ಡಾಕ್ಟರು ಎಚ್ಚರದ ಮದ್ದು ಕೊಟ್ಟು, ಎಲ್ಲರೂ ದೂರ ಸರಿಯಬೇಕು. ಆಫೀಸಿನಲ್ಲಿ ಕುರ್ಚಿಯೂ ಇಲ್ಲದ ಮನುಷ್ಯನ ಒಂದು ಮಾತಿಗೆ ಸಾಹೇಬರೂ ಹಿಂದೆ ಸರಿಯುವುದನ್ನು ನೋಡಲು ನನಗೆ ಒಳಗೊಳಗೇ ಖುಷಿ. ಸುಳ್ಳು ಯಾಕೆ ಹೇಳಲಿ?

ಎರಡು ವರ್ಷದ ಹಿಂದೆ ಶಾಲೆಯೊಂದರ ಸ್ಟೋರ್ ರೂಮಿನಲ್ಲಿ ಚಿರತೆ ಸಿಕ್ಕಿತ್ತು. ಅದನ್ನು ಬೋನಿಗೆ ಹಾಕುವ ಮೊದಲೇ ಅಂಕಿ ನಲವತ್ತೊಂದಾಯಿತು. ಭಾವ ಸಾಕು ಅಂದ. ಡಾಕ್ಟರು ಎಚ್ಚರದ ಮದ್ದು ಕೊಟ್ಟರು. ಸಾಮಾನ್ಯವಾಗಿ ಐದಾರು ನಿಮಿಷ ಹಿಡಿಯುತ್ತದೆ, ಅಷ್ಟರಲ್ಲಿ ಎತ್ತಿ ಒಳಗಿಡೋಣ ಎಂದು ಡ್ರೈವರ್ ಸ್ಟ್ರೆಚರಿಗೆ ಕೈ ಹಾಕಿದ. ಅದು ಎರಡೇ ನಿಮಿಷಕ್ಕೆ ಎದ್ದಿತು. ಡ್ರೈವರನ ಬಲಗೈಯ ಎರಡು ಬೆರಳು ಹೋದವು.

ಡ್ರೈವರ್ ಭಾವನನ್ನು ಒಂದು ದಿನವೂ ದೂರಲಿಲ್ಲ. "ನನ್ನ ಎರಡು ಬೆರಳು ಕಾಡಲ್ಲಿ ಹಾಯಾಗಿ ತಿರುಗಾಡ್ಕೊಂಡಿವೆ, ಉಳಿದ ಮೂರಕ್ಕೇ ನೋಡು ಈ ಸ್ಟೇರಿಂಗ್ ಗ್ರಹಚಾರ" ಎಂದು ನಗಿಸುತ್ತಿದ್ದ. ಆದರೆ ಸಾಹೇಬರು ಬಿಡಬೇಕಲ್ಲ. ಪ್ರತಿ ಮೀಟಿಂಗಿನಲ್ಲೂ ಕೆಣಕುತ್ತಿದ್ದರು. "ಏನಪ್ಪಾ ಡಿಗ್ರಿ, ಇವತ್ತು ಸಾಕು ಅಂತೀಯೋ, ಇನ್ನೊಬ್ಬನ ಕೈ ಬೇಕು ಅಂತೀಯೋ?" ಎಲ್ಲರೂ ನಗುವರು. ಭಾವ ತಲೆ ತಗ್ಗಿಸಿ ಥರ್ಮಾಮೀಟರ್ ಒರೆಸುತ್ತಿದ್ದ. ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡ. ಹಾಕಿಕೊಂಡದ್ದು ಕರಗಲಿಲ್ಲ ಎಂಬುದು ಕರಡಿ ಬಂದ ದಿನ ಗೊತ್ತಾಯಿತು.

ಆ ದಿನ ಗಾಳಿಯೇ ಸತ್ತುಹೋದಂಥ ಸೆಕೆ. ಬೆಳಗ್ಗೆ ಹತ್ತಕ್ಕೆಲ್ಲ ರಸ್ತೆಯ ಡಾಂಬರು ಚಪ್ಪಲಿಗೆ ಅಂಟುತ್ತಿತ್ತು. ಕರಡಿಯೊಂದು ಹಾಸಿಗೆ ಮಾಡುವ ಕಾರ್ಖಾನೆಗೆ ನುಗ್ಗಿದೆ ಎಂದು ಫೋನ್ ಬಂತು. ನಾವು ಹೋಗುವಷ್ಟರಲ್ಲಿ ಜನ ತಗಡು ಬಡಿದು, ಕಲ್ಲು ಬೀರಿ ಅದನ್ನು ನಾಲ್ಕು ಬೀದಿ ಓಡಿಸಿದ್ದರು. ತಗಡಿನ ಮಾಡಿನ ಕೆಳಗೆ, ಹತ್ತಿಯ ರಾಶಿಯಲ್ಲಿ ಅದು ಅಡಗಿ ಕೂತಿತ್ತು. ಒಳಗೆ ಕಾಲಿಟ್ಟರೆ ಒಲೆಯ ಬಾಯಿಗೆ ಮುಖ ಇಟ್ಟ ಹಾಗೆ ಆಗುತ್ತಿತ್ತು. ಡಾಕ್ಟರು ಸೂಜಿ ಹೊಡೆದರು, ಹತ್ತು ನಿಮಿಷಕ್ಕೆ ಅದು ವಾಲಿತು. ಒಳಗೆ ಕತ್ತಲು, ಉಸಿರಾಡಲೂ ಆಗದಷ್ಟು ಹತ್ತಿಯ ದೂಳು. ಟಾರ್ಪಾಲಿನ ಮೇಲೆ ಎಳೆದು ಓಣಿಗೆ ತಂದೆವು.

ಹೆಣ್ಣು ಕರಡಿ. ಡಾಕ್ಟರು ಹೊಟ್ಟೆ ಸವರಿ ನೋಡಿ, "ಮೊಲೇಲಿ ಹಾಲಿದೆ. ಎಲ್ಲೋ ಮರಿ ಬಿಟ್ಟು ಬಂದಿದ್ದಾಳೆ. ಬೇಗ ಮುಗಿಸೋಣ" ಅಂದರು. ಮುಗಿಸುವುದು ಹೇಗೆ? ಬೋನಿನ ಲಾರಿ ಓಣಿಯ ತುದಿಯಲ್ಲಿ ಸಿಕ್ಕಿಕೊಂಡಿತ್ತು. ಕರಡಿ ನೋಡಲು ಬಂದ ಮಹಾನುಭಾವರು ಬೈಕುಗಳನ್ನು ಅಡ್ಡಾದಿಡ್ಡಿ ನಿಲ್ಲಿಸಿ ಕಾಂಪೌಂಡು ಹತ್ತಿ ಕೂತಿದ್ದರು. ಗೋಡೆಯ ಮೇಲೆ ಜನ, ನೀರಿನ ಟ್ಯಾಂಕಿನ ಮೇಲೆ ಜನ. ಹತ್ತು ಹೆಜ್ಜೆ ದೂರದಲ್ಲಿ ಒಬ್ಬಳು ಸೊಂಟದ ಮೇಲೆ ಕೂಸನ್ನಿಟ್ಟುಕೊಂಡು ನಿಂತಿದ್ದಳು. ಪೊಲೀಸಿನವರು ಅಟ್ಟಿದಷ್ಟೂ ಹಿಂದಿನಿಂದ ಬಂದು ತುಂಬುತ್ತಿದ್ದರು. ಎದ್ದರೆ ಕರಡಿಗೆ ಓಡಲು ದಾರಿಯಿಲ್ಲ, ಇವರಿಗೂ ಇಲ್ಲ.

ಡಾಕ್ಟರು ಕರಡಿಯ ಕೊರಳಿಗೆ ರೇಡಿಯೋ ಪಟ್ಟಿ ಹಾಕಲು ಕೂತರು. ಅದು ಎಲ್ಲಿದೆ ಎಂದು ಆಮೇಲೆ ಕಂಪ್ಯೂಟರಿನಲ್ಲಿ ತೋರಿಸುವ ಪಟ್ಟಿ. ಡ್ರೈವರ್ ಮೂರು ಬೆರಳಿನ ಕೈಯಲ್ಲಿ ಅದರ ತಲೆ ಹಿಡಿದಿದ್ದ. ಭಾವ ಹಿಂದೆ ಮಂಡಿಯೂರಿದ. ನಾನು ಹಾಳೆ ಹಿಡಿದು ಪಕ್ಕದಲ್ಲಿ ನಿಂತೆ.

"ನಲವತ್ತು" ಎಂದು ಕೂಗಿದ. ಬರೆದೆ.

"ನಲವತ್ತೂ ಕಾಲು." ಕಾರ್ಖಾನೆಯವರು ಎರಡು ಬಕೆಟ್ ನೀರು ಕೊಟ್ಟರು, ಹೊಟ್ಟೆಯ ಮೇಲೆ ಸುರಿದೆವು. ಅವರ ಟ್ಯಾಂಕಿನಲ್ಲಿದ್ದದ್ದೇ ಅಷ್ಟು.

"ನಲವತ್ತೂವರೆ." ಆಗ ಸಾಹೇಬರು ಭಾವನ ಹಿಂದೆ ಬಂದು ನಿಂತರು. "ಡಿಗ್ರಿ, ಬೋನು ಬಂದಿಲ್ಲ. ಇಲ್ಲಿ ಹೆಂಗಸರು ಮಕ್ಕಳಿದ್ದಾರೆ. ನೋಡ್ಕೊಂಡು ಬಾಯಿ ಬಿಡು" ಅಂದರು. ಮೆಲ್ಲಗೇ ಅಂದರು, ಆದರೂ ನನಗೆ ಕೇಳಿಸಿತು.

ಭಾವ ಥರ್ಮಾಮೀಟರ್ ನೋಡಿದ. ಆಮೇಲೆ ಡ್ರೈವರನ ಕೈ ನೋಡಿದ. ಆಮೇಲೆ ಆ ಹೆಂಗಸಿನ ಸೊಂಟದ ಮೇಲಿದ್ದ ಕೂಸನ್ನು ನೋಡಿದ. ಥರ್ಮಾಮೀಟರಿನ ಮುಖಕ್ಕೆ ಅಂಗೈ ಮುಚ್ಚಿಕೊಂಡು, "ನಲವತ್ತೂವರೆ" ಅಂದ.

ಎರಡು ನಿಮಿಷ ಬಿಟ್ಟು ಮತ್ತೆ ನಲವತ್ತೂವರೆ. ಮತ್ತೆ ನಲವತ್ತೂವರೆ. ಕರಡಿಯ ಪಕ್ಕೆ ತಿದಿಯ ಹಾಗೆ ಏಳುತ್ತಾ ಬೀಳುತ್ತಾ ಇತ್ತು. ಡಾಕ್ಟರು ಪಟ್ಟಿಯ ತಿರುಪಿನಿಂದ ತಲೆ ಎತ್ತದೆ, "ಉಸಿರು ಜಾಸ್ತಿ ಆಗ್ತಿದೆಯಲ್ಲೋ, ಸರಿ ನೋಡಿದ್ಯಾ?" ಅಂದರು. "ನೋಡಿದೆ ಸಾರ್, ನಲವತ್ತೂವರೆ" ಅಂದ ಭಾವ. ಅವನ ದನಿ ನನಗೇ ಗುರುತು ಸಿಗಲಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟಿದ್ದ ಪುಣ್ಯಾತ್ಮ. ಈಗ ಬಂತು, ಇನ್ನೇನು ಬಂತು ಎಂದು ಬೋನಿನ ದಾರಿ ಕಾಯುತ್ತಿದ್ದ. ಹದಿನಾಲ್ಕು ನಿಮಿಷ, ಏಳು ಸಲ ಒಂದೇ ಅಂಕಿ. ಉರಿಬಿಸಿಲಲ್ಲಿ ಬಿದ್ದ ಕಪ್ಪು ಕರಡಿಯ ಮೈಬಿಸಿ ಹಾಗೆ ನಿಲ್ಲುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆ ಪಾಠವನ್ನು ನನಗೆ ಹೇಳಿಕೊಟ್ಟವನೇ ಅವನು. ನಾನು ಏಳು ಸಲವೂ ದುಂಡಗೆ ಬರೆದೆ.

ಕೊನೆಗೂ ಬೋನು ಬಂತು. ಸಂಜೆಯ ಹೊತ್ತಿಗೆ ಕಾಡಿನಂಚಿನ ಹೊಳೆಯ ಹತ್ತಿರ ಬಾಗಿಲು ತೆಗೆದೆವು. ಕರಡಿ ಇಳಿದು ಒಮ್ಮೆ ಮುಗ್ಗರಿಸಿತು, ಹಿಂಗಾಲು ಎಳೆಯುತ್ತಾ ನಾಲ್ಕು ಹೆಜ್ಜೆ ಹಾಕಿತು, ಆಮೇಲೆ ಮರಗಳ ಒಳಗೆ ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಾಹೇಬರು ಕ್ಯಾಮೆರಾದವರ ಎದುರು ನಿಂತು, ಒಬ್ಬರಿಗೂ ಒಂದು ಗೀರು ಇಲ್ಲದೆ ಕಾರ್ಯಾಚರಣೆ ಮುಗಿಯಿತು ಎಂದು ಭಾಷಣ ಬಿಗಿದರು.

ಆಫೀಸಿಗೆ ಬಂದ ಮೇಲೆ ಭಾವ ಬೋನು ತೊಳೆಯಲು ಪೈಪು ಹಿಡಿದ. ನಾನು ಬಗ್ಗಿ ನೋಡಿದೆ. ಬೋನಿನ ನೆಲದಲ್ಲಿ ಹಾಲಿಲ್ಲದ ಟೀ ಬಣ್ಣದ ಉಚ್ಚೆ. ಅವನು ನನ್ನ ಮುಖ ನೋಡದೆ ನೀರು ಬಿಟ್ಟ. ಅದೆಲ್ಲ ಚರಂಡಿಗೆ ಹೋಯಿತು.

"ಭಾವ, ಎಷ್ಟಿತ್ತು?"

"ಏನು ಎಷ್ಟಿತ್ತು?"

"ನನ್ ಹತ್ರ ನಾಟಕ ಬೇಡ. ಎಷ್ಟಿತ್ತು ಹೇಳು."

ಪೈಪು ಕೆಳಗಿಟ್ಟ. "ಕೊನೇಲಿ ನಲವತ್ತೊಂದೂ ಮುಕ್ಕಾಲು."

"ಅಯ್ಯೋ ನಿನ್ನ! ಈಗಲೇ ಹೋಗಿ ಡಾಕ್ಟ್ರಿಗೆ ಹೇಳು. ಇನ್ನೂ ಎರಡು ದಿನ ಇದೆ ಅಂತ ನೀನೇ ಹೇಳ್ತಿದ್ಯಲ್ಲ."

"ಹೇಳ್ತೀನಿ. ಪಟ್ಟಿ ಇದೆಯಲ್ಲ, ನಾಳೆ ಎಷ್ಟು ದೂರ ನಡೆದಿದ್ದಾಳೆ ನೋಡೋಣ. ಚೆನ್ನಾಗಿ ನಡೆದಿದ್ರೆ ಸುಮ್ನೆ ಯಾಕೆ?"

ಕೊರಳಪಟ್ಟಿ ದಿನಕ್ಕೆರಡು ಸಲ ಕಂಪ್ಯೂಟರಿಗೆ ಒಂದು ಚುಕ್ಕೆ ಕಳಿಸುತ್ತಿತ್ತು. ಅದನ್ನು ನೋಡಿ ಗೋಡೆಯ ನಕಾಶೆಯಲ್ಲಿ ಪಿನ್ನು ಚುಚ್ಚುವುದು ನನ್ನ ಕೆಲಸ. ಮರುದಿನ ಬೆಳಗ್ಗೆ ಚುಕ್ಕೆ ಮೂರು ಕಿಲೋಮೀಟರ್ ಗುಡ್ಡ ಹತ್ತಿತ್ತು. ಭಾವ ಬಾಗಿಲಲ್ಲೇ ನಿಂತು, "ನಡೆದಿದ್ದಾಳಾ?" ಎಂದ. ನಡೆದಿದ್ದಾಳೆ ಅಂದೆ. ಅವನ ಮುಖಕ್ಕೆ ಜೀವ ಬಂತು. ನಾನು ಮತ್ತೆ ಡಾಕ್ಟರ ಮಾತೆತ್ತಲಿಲ್ಲ. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು ಅನ್ನುತ್ತಾರಲ್ಲ, ತಪ್ಪಿತು ಅಂತಲೇ ನಾನೂ ಅಂದುಕೊಂಡೆ. ಸಂಜೆಯ ಚುಕ್ಕೆ ಅಲ್ಲಿಂದ ಅರ್ಧ ಕಿಲೋಮೀಟರ್ ದೂರದ ಬಂಡೆಗಳ ಹತ್ತಿರ ಇತ್ತು.

ಎರಡನೆಯ ದಿನ ಬೆಳಗ್ಗೆಯೂ ಅದೇ ಬಂಡೆ. ಅಲ್ಲಾಡಿಲ್ಲ.

ಸಾಹೇಬರು ನಕಾಶೆಯ ಮುಂದೆ ನಿಂತು ಮೇಜು ಗುದ್ದಿದರು. "ನೋಡಿದ್ರಾ! ಮರಿ ಹತ್ರ ಸೇರ್ಕೊಂಡಿದ್ದಾಳೆ! ಅದಕ್ಕೇ ಅಲ್ಲಾಡ್ತಿಲ್ಲ." ಡಾಕ್ಟರೂ ತಲೆಯಾಡಿಸಿದರು. ಹಾಲೂಡುವ ತಾಯಿ ಎರಡು ದಿನ ಗವಿ ಬಿಟ್ಟು ಬರದೆ ಇರುವುದುಂಟು, ಅದರಲ್ಲೂ ಹೆದರಿ ಬಂದವಳು ಅಂದರು. ಹಾಳೆಯಲ್ಲಿ ಇದ್ದದ್ದು ನಲವತ್ತೂವರೆ, ಅವರಿಗೆ ಅನುಮಾನ ಬರಲು ಕಾರಣವೇನಿತ್ತು? ಎಲ್ಲರಿಗೂ ಟೀ ಬಂತು. ಭಾವನ ಲೋಟದ ಟೀ ಕೆನೆಗಟ್ಟಿತು.

ನಾನು ಫೈಲಿನ ಕೋಣೆಗೆ ಹೋದೆ. ಅವನು ಹಿಂದೆಯೇ ಬಂದ.

"ಮರಿ ಹತ್ರಾನೇ ಇರಬಹುದಲ್ವಾ?" ಎಂದ. ಗಂಡಸು ಹಾಗೆ ಬೇಡುವುದನ್ನು ನಾನು ನೋಡಿರಲಿಲ್ಲ. ನನ್ನ ಬಾಯಿಂದ ಒಂದು ಮಾತು ಬಂದರೆ ಸಾಕು, ಅದನ್ನು ಹಿಡಿದುಕೊಂಡು ಬದುಕುತ್ತೇನೆ ಅನ್ನುವ ಹಾಗಿತ್ತು. ಅದು ಎರಡನೆಯ ದಿನ. ಆಗಲೇ ಹೇಳಿದ್ದರೆ ಜೀಪು ಮಧ್ಯಾಹ್ನಕ್ಕೆ ಗುಡ್ಡದ ಬುಡ ಮುಟ್ಟುತ್ತಿತ್ತು. ಇದೂ ನನಗೆ ಗೊತ್ತಿತ್ತು. ನನ್ನ ಜೋರು ಬಾಯಿಗೆ ಆ ಹೊತ್ತು ಏನು ದಾಡಿಯಾಗಿತ್ತೋ!

"ಇರಬಹುದು ಭಾವ" ಅಂದೆ.

ಮೂರನೆಯ ದಿನ ಚುಕ್ಕೆ ಬಂಡೆಯಿಂದ ನಲವತ್ತು ಹೆಜ್ಜೆ ಇಳಿದಿತ್ತು. ಅಲ್ಲೊಂದು ತೊರೆ ಇದೆ ಎಂದು ನಕಾಶೆ ಹೇಳಿತು. ಸಾಹೇಬರು ನೀರು ಕುಡಿಯಲು ಬಂದಿದ್ದಾಳೆ ಅಂದರು. ಸಂಜೆಗೂ ಅವಳು ನೀರು ಕುಡಿಯುತ್ತಲೇ ಇದ್ದಳು. ಭಾವ ಮನೆಯಲ್ಲಿ ಊಟದ ತಟ್ಟೆ ಹಿಂದೆ ತಳ್ಳಿದ. ಅಕ್ಕನಿಗೆ ರೇಗಿತು. "ಏನಾಗಿದೆ ಇವರಿಗೆ? ಮೂರು ದಿನದಿಂದ ಹೀಗೇ. ನೀನಾದ್ರೂ ಹೇಳೇ, ಆಫೀಸಲ್ಲಿ ಏನಾದ್ರೂ ಆಯ್ತಾ?" ನಾನು ಸೆಕೆಗೆ ಊಟ ಸೇರುತ್ತಿಲ್ಲ ಅಂದೆ. ಅವನು ಗೋಡೆ ನೋಡುತ್ತಾ ಕೂತಿದ್ದವನು, "ಜ್ವರ ಬಂದ ಪ್ರಾಣಿ ನೀರಿಗೆ ಹೋಗುತ್ತೆ" ಎಂದ. ಅಕ್ಕನಿಗೆ ಅರ್ಥವಾಗಲಿಲ್ಲ, ನನಗೆ ಆಯಿತು.

ನಾಲ್ಕನೆಯ ದಿನವೂ ಚುಕ್ಕೆ ಅಲ್ಲೇ. ಭಾವ ಡಾಕ್ಟರ ಮೇಜಿನ ಮುಂದೆ ಹೋಗಿ ನಿಂತು, "ಹೋಗಿ ನೋಡೋಣ ಸಾರ್, ಈಗಲೇ" ಎಂದ. ಯಾಕೆ ಎಂದು ಅವರು ಕೇಳಿದರು. "ಹೋಗೋಣ ಸಾರ್" ಎಂದಷ್ಟೇ ಅಂದ. ಡಾಕ್ಟರು, ಡ್ರೈವರ್, ಭಾವ, ನಾನು, ನಾಲ್ಕು ಜನ ಹೊರಟೆವು. ಜೀಪು ನಿಲ್ಲಿಸಿ ಎರಡು ಗಂಟೆ ಗುಡ್ಡ ಹತ್ತಬೇಕು. ಹಕ್ಕಿಗಳೂ ಬಾಯಿ ತೆರೆದು ನೆರಳಲ್ಲಿ ಕೂತಿದ್ದವು.

ಅವಳು ತೊರೆಯಲ್ಲಿ ಹೊಟ್ಟೆ ಅದ್ದಿ, ಮೂತಿಯನ್ನು ಕಲ್ಲಿನ ಮೇಲಿಟ್ಟು ಮಲಗಿದ್ದಳು. ಬದುಕಿದ್ದಾಳೆ ಎಂದೇ ಅನ್ನಿಸುವ ಹಾಗಿತ್ತು. ಮೂತಿಯ ಮೇಲೆ ನೊಣಗಳಿದ್ದವು. ಬೆನ್ನಿನ ಮೇಲೆ ಬೆಕ್ಕಿನಷ್ಟು ದೊಡ್ಡ ಮರಿ ಕವುಚಿಕೊಂಡಿತ್ತು. ಆ ತೊರೆಯ ಮೇಲೆ ದಟ್ಟ ನೆರಳು, ನೀರು ಕಾಲು ಕೊರೆಯುವಷ್ಟು ತಣ್ಣಗೆ. ಮರಿ ಒದ್ದೆಯಾಗಿ ನಡುಗುತ್ತಿತ್ತು. ಅಮ್ಮನ ಮೈ ಬಿಸಿಯಿರುತ್ತದೆ ಎಂದು ಇನ್ನಷ್ಟು ಒತ್ತಿಕೊಳ್ಳುತ್ತಿತ್ತು. ಅವಳ ಮೈ ಆ ನೀರಿನಷ್ಟೇ ತಣ್ಣಗಿತ್ತು.

ಭಾವ ನೀರಿಗಿಳಿದು ಮರಿಯನ್ನು ಬಿಡಿಸಿದ. ಅದಕ್ಕೆ ಕಚ್ಚುವ ತ್ರಾಣವೂ ಇರಲಿಲ್ಲ. ಅಂಗಿಯ ಗುಂಡಿ ಬಿಚ್ಚಿ ಎದೆಗೆ ಒತ್ತಿ ಇಟ್ಟುಕೊಂಡ. ಡಾಕ್ಟರು ಸತ್ತ ಕರಡಿಯ ತೊಡೆ ಕೊಯ್ದು ನೋಡಿದರು. ಕೆಂಪಗಿರಬೇಕಾದ ಮಾಂಸ ಬೇಯಿಸಿದ ಹಾಗೆ ಬಿಳಚಿಕೊಂಡಿತ್ತು. ಅವರು ಕೈಯಲ್ಲಿ ಚಾಕು ಹಿಡಿದೇ ಭಾವನ ಕಡೆ ತಿರುಗಿದರು. "ನಲವತ್ತೂವರೆಗೆ ಹೀಗಾಗಲ್ಲ."

"ನಲವತ್ತೊಂದೂ ಮುಕ್ಕಾಲು ಇತ್ತು ಸಾರ್. ನಾನು ಸುಳ್ಳು ಕೂಗಿದೆ" ಎಂದ ಭಾವ.

ಡಾಕ್ಟರು ಕಲ್ಲಿನ ಮೇಲೆ ಕುಸಿದರು. "ಎರಡನೇ ದಿನ ಹೇಳಿದ್ರೂ ಒಂದು ಕೈ ನೋಡಬಹುದಿತ್ತಲ್ಲೋ."

"ಗೊತ್ತು ಸಾರ್."

"ಗೊತ್ತಿದ್ದೂ ಯಾಕೆ?"

ಭಾವ ಡ್ರೈವರನ ಕೈ ನೋಡಿದ. ಡ್ರೈವರ್ ಯಾವತ್ತೂ ಕೋಪ ಮಾಡಿಕೊಂಡವನಲ್ಲ. ಆ ದಿನ ಅವನ ಕಣ್ಣು ಕೆಂಪಾಯಿತು. "ನನ್ನ ಕೈ ನೋಡಿ ಸುಳ್ಳು ಹೇಳಿದ್ಯಾ? ಥೂ ನಿನ್ನ! ನನ್ನ ಬೆರಳು ಹೋಯ್ತು ಅಂತ ನಾನು ಒಂದಿನ ಆದ್ರೂ ಅತ್ತಿದ್ನಾ ನಿನ್ನ ಮುಂದೆ? ನನ್ನ ತಲೆಗೆ ಯಾಕೋ ಕಟ್ತೀಯ ಇದನ್ನ?" ಎಂದು ಕಿರುಚಿ ತೊರೆಯ ಆಚೆ ಹೋಗಿ ನಿಂತ. ಭಾವ ಮರಿಯನ್ನು ಎದೆಗೊತ್ತಿಕೊಂಡು ಹೋ ಎಂದು ಅತ್ತ. ನಾನೂ ಅತ್ತೆ. ಆದರೆ ನನಗೂ ಗೊತ್ತಿತ್ತು ಎಂಬ ಮಾತು ಅಲ್ಲಿಯೂ ನನ್ನ ಬಾಯಿಂದ ಬರಲಿಲ್ಲ.

ಮರುದಿನ ಹನ್ನೊಂದು ಗಂಟೆಗೆ ಸಾಹೇಬರ ಕೋಣೆ. ಮರಿ ಬದುಕಿತ್ತು, ಪೆಟ್ಟಿಗೆಯಲ್ಲಿ ಬಿಸಿನೀರಿನ ಬಾಟಲಿಯ ಪಕ್ಕ ಮಲಗಿಸಿ ಬಂದಿದ್ದ ಭಾವ. ಡಾಕ್ಟರು ಒಂದು ಮೂಲೆಯಲ್ಲಿ ಕೂತಿದ್ದರು. ಭಾವ ನಿಂತುಕೊಂಡೇ ಎಲ್ಲವನ್ನೂ ಹೇಳಿದ, ಏಳು ಸಲದ ನಿಜವಾದ ಅಂಕಿಗಳನ್ನೂ ಒಂದೊಂದಾಗಿ ಹೇಳಿದ. ಅವು ಅವನ ತಲೆಯಲ್ಲಿ ಹಾಗೇ ಕೂತಿದ್ದವು. ಸಾಹೇಬರು ಅವನನ್ನು ನೋಡಲೇ ಇಲ್ಲ. ಫೈಲಿನಿಂದ ಹಾಳೆ ತೆಗೆದು ಮೇಜಿನ ಮೇಲೆ ಸವರಿ ಇಟ್ಟರು.

"ಹಾಳೇಲಿ ನಲವತ್ತೂವರೆ ಅಂತಿದೆ. ಮೇಲಿನ ಆಫೀಸಿಗೂ ಅದೇ ಹೋಗಿದೆ. ಭೇಷ್ ಅಂತ ಕಾಗದಾನೂ ಬಂದಿದೆ. ನಿನಗೆ ಬಿಸಿಲು ತಲೆಗೇರಿದೆ ಡಿಗ್ರಿ, ಸ್ವಲ್ಪ ದಿನ ರಜ ಹಾಕು." ಆಮೇಲೆ ನನ್ನ ಕಡೆ ತಿರುಗಿದರು. "ಏನಮ್ಮಾ, ಬರೆದವಳು ನೀನು. ಅಂಕಿ ಬಗ್ಗೆ ನಿನಗೇನಾದ್ರೂ ಅನುಮಾನ ಬಂದಿತ್ತಾ ಅವತ್ತು? ಬಂದಿದ್ರೆ 'ಅನುಮಾನ' ಅಂತ ಪಕ್ಕದಲ್ಲೇ ಬರೀಬೇಕು ಅಂತ ನಿಯಮ ಇದೆ. ಬರೆದಿಲ್ಲ ಅಂದ್ರೆ ಅದು ನಿನ್ನ ತಪ್ಪಾಗುತ್ತೆ."

ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಹೌದು ಅಂದರೆ ಅವರೂ ಬಾಯಿ ಬಿಡುತ್ತಿದ್ದರು, ಅಷ್ಟು ಕಾಣುತ್ತಿತ್ತು. ಬಿಳಚಿದ ಮಾಂಸದ ವಿಷಯ ಕಾಗದಕ್ಕೆ ಬರುತ್ತಿತ್ತು. ಬೋನು ಬರುವವರೆಗೆ ಸೂಜಿ ಹೊಡೆಯಬಾರದು, ಜನರನ್ನು ಚದುರಿಸದೆ ಪ್ರಾಣಿ ಮುಟ್ಟಬಾರದು ಎಂದಾದರೂ ಮುಂದೆ ಒಂದು ನಿಯಮ ಬರುತ್ತಿತ್ತೇನೋ. ನನಗೆ ನೆನಪಾದದ್ದು ಅಕ್ಕನ ಇಸ್ತ್ರಿ ಮೇಜು. ಇಬ್ಬರ ಕೆಲಸವೂ ಒಂದೇ ದಿನ ಹೋದರೆ ಏನು ಗತಿ? ಹಾಗಂತ ನನಗೆ ನಾನೇ ಹೇಳಿಕೊಂಡೆ. ನಿಜ ಹೇಳಬೇಕೆಂದರೆ, ಹೆದರಿದೆ.

"ಇಲ್ಲ ಸಾರ್" ಅಂದೆ. "ಅನುಮಾನ ಬರಲಿಲ್ಲ."

ಭಾವ ನನ್ನ ಕಡೆ ನೋಡಿದ. ಬೈದಿದ್ದರೆ ಚೆನ್ನಾಗಿತ್ತು. "ಅವಳದೇನೂ ತಪ್ಪಿಲ್ಲ ಸಾರ್" ಎಂದ. "ನಾನು ಕೂಗಿದ್ದನ್ನೇ ಬರೆದಿದ್ದಾಳೆ." ಡಾಕ್ಟರು ಎದ್ದು ಹೊರಗೆ ಹೋದರು. ಸತ್ತ ಕರಡಿಯ ವರದಿಯಲ್ಲಿ ಸಾವಿಗೆ ಕಾರಣ ವಯಸ್ಸು ಮತ್ತು ಹಳೆಯ ಕಾಯಿಲೆ ಎಂದಿದೆ. ಅದನ್ನು ಟೈಪು ಮಾಡಿದವಳೂ ನಾನೇ. ಅವಳ ಹಲ್ಲು ನಾನು ನೋಡಿದ್ದೇನೆ. ಒಂದೂ ಸವೆದಿರಲಿಲ್ಲ.

ಮರಿಯನ್ನು ದೂರದ ಪ್ರಾಣಿಧಾಮದವರು ಬಂದು ಒಯ್ಯುವವರೆಗೆ ಭಾವ ಆಫೀಸಿಗೆ ಬಂದ. ಅವರ ವ್ಯಾನು ಗೇಟು ದಾಟಿದ ಮೇಲೆ ಕೆಲಸ ಬಿಡುತ್ತೇನೆಂದು ಕಾಗದ ಕೊಟ್ಟ. ಈಗ ಕೆಳಗಿನ ಟೈರ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಾನೆ. ಅಕ್ಕ ಅವನಿಗೆ ದಿನಾ ಬೈಯುತ್ತಾಳೆ, ನನಗೆ ದಿನಾ ಹೇಳುತ್ತಾಳೆ, "ಪುಣ್ಯಕ್ಕೆ ನೀನಾದ್ರೂ ಕೆಲಸ ಉಳಿಸ್ಕೊಂಡೆ. ನಿನ್ನ ಬುದ್ಧಿ ಅವರಿಗೆ ಬರಬಾರದಿತ್ತಾ?" ನಾನು ತಟ್ಟೆಯಿಂದ ತಲೆ ಎತ್ತುವುದಿಲ್ಲ.

ಥರ್ಮಾಮೀಟರನ್ನು ಸಾಹೇಬರು ನನಗೇ ಕೊಟ್ಟರು. ಇನ್ನು ಮುಂದೆ ಕೂಗುವವಳೂ ನಾನೇ, ಬರೆಯುವವಳೂ ನಾನೇ ಅಂತೆ. ಆ ವಿಷಯ ಹೇಳಿದಾಗ ಭಾವ ಟೈರಿಗೆ ತೇಪೆ ಹಾಕುತ್ತಿದ್ದ. ಕೈ ನಿಲ್ಲಿಸಿ, "ಅಂಕಿ ನೋಡೋವಾಗ ಅಂಕಿ ಮಾತ್ರ ನೋಡು. ಯಾರ ಮುಖಾನೂ ನೋಡ್ಬೇಡ" ಎಂದ. ಆಯಿತು ಭಾವ ಅಂದೆ.

ಬುಧವಾರ ಮಧ್ಯಾಹ್ನ ಹನ್ನೆರಡಕ್ಕೆ ಫೋನ್ ಬಂತು. ಚಿರತೆಯಂತೆ, ಬಟ್ಟೆ ಒಗೆಯುವ ಕಾರ್ಖಾನೆಯ ಬಾಯ್ಲರ್ ಕೋಣೆಗೆ ನುಗ್ಗಿದೆಯಂತೆ, ಬಾಗಿಲಲ್ಲಿ ಆಗಲೇ ಇನ್ನೂರು ಜನ. ಬೋನಿನ ಲಾರಿ ಹಿಂದಿನಿಂದ ಬರುತ್ತದೆ, ನೀವು ಹತ್ತಿ ಎಂದರು ಸಾಹೇಬರು. ನಾನು ಥರ್ಮಾಮೀಟರಿನ ಚೀಲ ಹೆಗಲಿಗೆ ಹಾಕಿಕೊಂಡು ಜೀಪು ಹತ್ತಿದೆ. ಮುಂದಿನ ಸೀಟಿನಿಂದ ಸಾಹೇಬರು ತಿರುಗಿ ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ.